ಹನ್ನೊಂದು ಸಲ ತಿರುಗಿ ನೋಡಿದವಳು

ಓಸ್ಲೋ
೧೦ ಸೆಪ್ಟೆಂಬರ್ ೧೯೫೬

ಐವಿಂದ್,

ಕ್ರಿಸ್‌ಮಸ್ ಇನ್ನೂ ದೂರವಿರುವಾಗ ಅಮ್ಮನ ಕಾಗದ ಯಾಕೆ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಾನಂತೂ ಸತ್ತಿಲ್ಲ, ಬದಲಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ನಾಯಕಿಯಾಗಿದ್ದೇನೆ.

ಇಲ್ಲಿನ ರಂಗದ ಮೇಲೆ ಇಷ್ಟು ವರ್ಷ ನಾನು ಮಾಡಿದ ಪಾತ್ರಗಳು ನಾಲ್ಕೇ: ಅಡುಗೆಯವಳು, ನೆರೆಮನೆಯವಳು, ಕುಡಿದ ಅಡುಗೆಯವಳು, ಕುಡಿದ ನೆರೆಮನೆಯವಳು. ಸಿನಿಮಾದಲ್ಲಾದರೆ ಬಾಗಿಲು ತೆಗೆದು "ಸಾಹೇಬ್ರು ಮನೇಲಿಲ್ಲ" ಎಂದು ಹೇಳಿ ಮುಚ್ಚುವವಳು. ಹೋದ ವರ್ಷ ಬೇಸಿಗೆಯಲ್ಲಿ ನಾಟಕಶಾಲೆಗಳಿಗೆ ರಜೆ ಬಿದ್ದ ವಾರವೇ ನಿರ್ದೇಶಕ ಹೋಲ್ಟರ್‌ಮನ್ ನನ್ನ ಮನೆಯ ಮೂರು ಮಹಡಿ ಹತ್ತಿ ಬಂದ. ಏದುಸಿರು ನಿಂತ ಮೇಲೆ, "ಡಾಗ್ನಿ, ಈ ಸಲ ಬಾಗಿಲು ತೆಗೆಯೋ ಕೆಲಸ ಅಲ್ಲ. ಮನೇನೇ ನಿಂದು" ಎಂದ.

ಸಿನಿಮಾದ ಹೆಸರು 'ಬೆರೆಟ್ಟೆಯ ಮೋಟಾರು ದೋಣಿ'. ಬೆರೆಟ್ಟೆ ಎಂಬ ಉತ್ತರದ ಮೀನೂರಿನ ವಿಧವೆ ಒಂದು ದೋಣಿ ಕೊಳ್ಳುತ್ತಾಳೆ. ಅದರ ಮೋಟಾರು ಹೊರಡುವುದಿಲ್ಲ. ಬಂದರಿನ ಅಧಿಕಾರಿ ದೋಣಿಯನ್ನು ಹಡಗು ನಿಲ್ಲುವ ದಕ್ಕೆಯಿಂದ ತೆಗೆ ಎನ್ನುತ್ತಾನೆ, ಇವಳು ತೆಗೆಯುವುದಿಲ್ಲ. ಕಥೆ ಅಷ್ಟೇ, ಉಳಿದದ್ದೆಲ್ಲ ನಾನು. ಉತ್ತರಕ್ಕೆ ಹೋಗುವ ಖರ್ಚು ಉಳಿಸಲು ದಕ್ಷಿಣದ ಒಂದು ಬಿಸಿಲೂರಿಗೇ ನಮ್ಮೂರಿನ ವೇಷ ಹಾಕಿದರು. ಒಣಗಲು ತೂಗುಹಾಕಿದ ಕಾಡ್ ಮೀನುಗಳೆಲ್ಲ ರಟ್ಟಿನವು. ಒಂದು ಮಳೆಗೆ ಮೆತ್ತಗಾಗಿ ಬಾಲದಿಂದ ಜೋಲತೊಡಗಿದವು. ಆ ಊರಿನ ಬೆಕ್ಕುಗಳು ಈಗಲೂ ಸಿನಿಮಾದವರನ್ನು ನಂಬುವುದಿಲ್ಲ.

ಹೋದ ಸೋಮವಾರ ಇಲ್ಲಿ ಮೊದಲ ಆಟವಾಯಿತು. ದಾಳದ ಚಿತ್ರ ಹಾಕಿ ಅಂಕ ಕೊಡುವ ಪತ್ರಿಕೆ ನಾಲ್ಕು ಕೊಟ್ಟಿದೆ. ಆರು ಬರುವುದು ಸತ್ತವರ ಕಥೆಗೆ ಮಾತ್ರ.

ಈಗ ಮುಖ್ಯ ಮಾತು. ಆರು ಡಬ್ಬಿ ತುಂಬಿದ ಈ ಸಿನಿಮಾ ಸ್ಕಾರ್ವಿಕ್‌ಗೂ ಬರುತ್ತಿದೆ. ಊರಿಗಿರುವುದು ಒಂದೇ ಚಿತ್ರಮಂದಿರ, ಅದು ಪುರಸಭೆಯದು. ಅಲ್ಲಿ ಏನು ತೋರಿಸಬೇಕು ಎಂದು ಹೇಳುವುದು ಸಮಿತಿ. ಸಮಿತಿಯ ಅಧ್ಯಕ್ಷ ಇಸ್ಕೂಲು ಮೇಷ್ಟ್ರು ಐವಿಂದ್, ಅಂದರೆ ನೀನು. ನಿನ್ನಪ್ಪ ಸಮುದ್ರದ ಪಾಲಾದ ವರ್ಷ ನಿನ್ನನ್ನು ಅವರಕ್ಕ ತೋರ ಅತ್ತಿಗೆಯ ಮನೆಯಲ್ಲಿ ಬಿಟ್ಟು ನಾನು ಹಡಗು ಹತ್ತಿದೆನಲ್ಲ, ಅದರ ಮರುಭಾನುವಾರ ಪ್ರಾರ್ಥನಾಮಂದಿರದಲ್ಲಿ ನನ್ನ ಹೆಸರು ಹಿಡಿದು ದೇವರಿಗೆ ಮೊರೆಯಿಟ್ಟರಂತೆ, ದಾರಿ ತಪ್ಪಿದವಳೆಂದು. ಅದೇ ಹೆಸರನ್ನು ಅದೇ ಬೀದಿಯ ಗೋಡೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಅವರು ಓದಬೇಕು. ಬೇರೇನೂ ಬೇಡ. ಮೊದಲ ಆಟಕ್ಕೆ ನಾನೇ ಬರುತ್ತೇನೆ. ಇಪ್ಪತ್ತನಾಲ್ಕು ವರ್ಷದ ಮೇಲೆ ಆ ದಕ್ಕೆಯ ಮೇಲೆ ಕಾಲಿಡುತ್ತೇನೆ.

ಬಿದ್ದರೆ ನಗುವಿರಿ, ಎದ್ದರೆ ಬೈಯುವಿರಿ,
ಬಿದ್ದೂ ಎದ್ದೂ ಬದುಕಿದವಳನು ಏನು ಮಾಡುವಿರಿ?

ನಿನ್ನ ಅಮ್ಮ,
ಡಾಗ್ನಿ


ಸ್ಕಾರ್ವಿಕ್
೨೪ ಸೆಪ್ಟೆಂಬರ್ ೧೯೫೬

ಅಮ್ಮನಿಗೆ,

ನಿಮ್ಮ ಕಾಗದವೂ ನಿಮ್ಮ ಡಬ್ಬಿಗಳೂ ಒಂದೇ ಹಡಗಿನಲ್ಲಿ ಬಂದವು. ಕಳೆದ ಮಂಗಳವಾರ ಸಮಿತಿಯ ಐವರೂ ಖಾಲಿ ಚಿತ್ರಮಂದಿರದಲ್ಲಿ ಕೋಟು ಕಳಚದೆ ಕುಳಿತು ನೋಡಿದೆವು. ಈಗಿರುವ ರೂಪದಲ್ಲಿ ತೋರಿಸುವುದು ಬೇಡವೆಂದು ತೀರ್ಮಾನವಾಗಿದೆ. ಬೇಡ ಎಂದವರು ಮೂವರು, ಬೇಕು ಎಂದವರು ಇಬ್ಬರು. ಮೂವರಲ್ಲಿ ನಾನೊಬ್ಬ. ಇದನ್ನು ಬೇರೆಯವರಿಂದ ಕೇಳುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ.

ಅಂಗಡಿಯ ಲೌರಿಟ್ಸ್ ಪ್ರಾರ್ಥನಾಮಂದಿರದ ಹಿರಿಯರು ಎಂಬುದು ನಿಮಗೆ ನೆನಪಿರಬಹುದು. ಬೆರೆಟ್ಟೆ ನೀರಿಗೆ ಬಿದ್ದಾಗ ಲಂಗ ಮೇಲೆದ್ದು ಉಣ್ಣೆಯ ಒಳಚಡ್ಡಿ ಕಾಣುತ್ತದೆ ಎಂಬುದು ಅವರ ತಕರಾರು. ಇನ್ನೊಬ್ಬರಿಗೆ ಬಂದರಿನ ಅಧಿಕಾರಿಯನ್ನು ಗೇಲಿ ಮಾಡಿದ್ದು ಹಿಡಿಸಲಿಲ್ಲ. ಅವರೇ ನಮ್ಮ ಬಂದರಿನ ಅಧಿಕಾರಿ. ಇವೆರಡಕ್ಕೂ ಕಿವಿಗೊಡುವವನು ನಾನಲ್ಲ.

ನನ್ನ ತಕರಾರು ಆಕೆ ನೀರಿಗೆ ಬೀಳುವುದಕ್ಕಿಂತ ಮೊದಲಿನ ನಾಲ್ಕು ನಿಮಿಷಕ್ಕೆ. ಬೆರೆಟ್ಟೆ ಮನೆಯಿಂದ ದಕ್ಕೆಗೆ ನಡೆಯುತ್ತಾಳೆ. ಹಿತ್ತಾಳೆ ಕೊಂಡಿಯ ಕಂದು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಎಡ ಹೆಗಲು ಮುಂದೆ ಮಾಡಿ, ಎದುರುಗಾಳಿ ಇಲ್ಲದಿದ್ದರೂ ಇರುವ ಹಾಗೆ. ಪ್ರತಿ ನಾಲ್ಕನೆಯ ಹೆಜ್ಜೆಗೆ ನಿಂತು ಹಿಂತಿರುಗಿ ನೋಡುತ್ತಾಳೆ. ಹಿಂದೆ ಯಾರೂ ಇಲ್ಲ. ಮತ್ತೆ ನಡೆಯುತ್ತಾಳೆ. ಹನ್ನೊಂದು ಸಲ, ನಾನೇ ಎಣಿಸಿದೆ. ಹನ್ನೊಂದನೆಯ ಸಲ ಹಿಂದೆ ನೋಡುತ್ತಲೇ ದಕ್ಕೆಯ ತುದಿ ದಾಟಿ ನೀರಿಗೆ ಬೀಳುತ್ತಾಳೆ.

ಆ ನಡಿಗೆ ಯಾರದೆಂದು ನಿಮಗೆ ಗೊತ್ತು. ಸ್ಕಾರ್ವಿಕ್‌ನ ಮಕ್ಕಳೆಲ್ಲರಿಗೂ ಗೊತ್ತು. ತೋರತ್ತೆಯ ಬೆನ್ನ ಹಿಂದೆ ಹಾಗೇ ನಡೆದು ತೋರಿಸುತ್ತಾರೆ. ಹೋದ ವರ್ಷ ಅದಕ್ಕಾಗಿ ಇಬ್ಬರನ್ನು ಶಾಲೆ ಬಿಟ್ಟ ಮೇಲೂ ಕೂಡಿಸಿದ್ದೆ. ಈಗ ಅದೇ ಆಟವನ್ನು ಪುರಸಭೆಯ ಪರದೆಯ ಮೇಲೆ ನಾನೇ ಆಡಿಸಲೇ? ಆಕೆಗೆ ಅರವತ್ತೆಂಟು. ನನ್ನನ್ನು ಸಾಕಿದ್ದು ಆಕೆ.

ಆ ನಾಲ್ಕು ನಿಮಿಷವನ್ನು ಕತ್ತರಿಸಿ ತೆಗೆಯಲು ನಿಮ್ಮ ಕಂಪನಿಯವರು ಒಪ್ಪಿದರೆ, ಯಂತ್ರ ಓಡಿಸುವ ಪೇಡರ್ ಚೊಕ್ಕವಾಗಿ ಅಂಟಿಸಿಕೊಡುತ್ತಾನೆ. ಆಗ ನನ್ನ ಮತ ಬದಲಾಗುತ್ತದೆ. ಒಳಚಡ್ಡಿ ಇದ್ದರೆ ಇರಲಿ.

ತಮ್ಮ ವಿಧೇಯ,
ಐವಿಂದ್


ಓಸ್ಲೋ
೨ ಅಕ್ಟೋಬರ್ ೧೯೫೬

ಮಾನ್ಯ ಅಧ್ಯಕ್ಷರಿಗೆ, ಮತ್ತು ಅವರ ಮೇಜಿನ ಹಿಂದೆ ಅಡಗಿರುವ ನನ್ನ ಮಗನಿಗೆ,

ಆಗುವುದಿಲ್ಲ.

ಉದ್ದದ ಉತ್ತರ ಬೇಕಾದರೆ ಕೇಳು. ಬೆರೆಟ್ಟೆ ಹನ್ನೊಂದು ಸಲ ತಿರುಗಿ ನೋಡುವುದರಿಂದಲೇ ನೀರಿಗೆ ಬೀಳುತ್ತಾಳೆ. ಆ ನಾಲ್ಕು ನಿಮಿಷ ತೆಗೆದರೆ, ಒಬ್ಬ ಹೆಂಗಸು ಸುಮ್ಮನೆ ಬಂದು ಸಮುದ್ರಕ್ಕೆ ಬಿದ್ದ ಹಾಗಾಗುತ್ತದೆ. ಅದು ಹಾಸ್ಯವಲ್ಲ, ಪೊಲೀಸರಿಗೆ ತಿಳಿಸಬೇಕಾದ ಸುದ್ದಿ.

ಈ ಜಗಳ ನನಗೆ ಹೊಸದಲ್ಲ. ಚಿತ್ರೀಕರಣದ ದಿನ ಹೋಲ್ಟರ್‌ಮನ್ ತಕರಾರು ತೆಗೆದ.

"ಹಿಂದೆ ಒಂದು ನಾಯಿ ಬರ್ಲಿ, ಡಾಗ್ನಿ. ಇಲ್ದಿದ್ರೆ ಯಾಕೆ ತಿರುಗಿ ನೋಡ್ತಾಳೆ?"

"ನಾಯಿ ಬೇಡ."

"ಹೋಗ್ಲಿ, ಒಂದು ಬಾತುಕೋಳಿ?"

"ಏನೂ ಬರಬಾರದು."

"ಮತ್ತೆ ನೋಡೋದ್ಯಾಕೆ ಅಂತ ಜನಕ್ಕೆ ಹೇಗಯ್ಯಾ ಗೊತ್ತಾಗ್ಬೇಕು?" ಎಂದು ಛಾಯಾಗ್ರಾಹಕನನ್ನು ಕೇಳಿದ. ಅವನು ಬಿಸಿಲು ಹೋಗುತ್ತಿದೆ ಎಂದಷ್ಟೇ ಹೇಳಿದ.

"ಬೆರೆಟ್ಟೆಗೆ ಗೊತ್ತಿದ್ರೆ ಸಾಕು" ಎಂದೆ. ನಾಯಿ ತರುವುದಾದರೆ ನಾಯಿಯೇ ನಾಯಕಿಯಾಗಲಿ, ನಾನು ಹೋಗಿ ಬಾಗಿಲು ತೆಗೆಯುತ್ತೇನೆ ಎಂದೆ. ಅವನು ಕ್ಯಾಮೆರಾ ಓಡಿಸಲು ಹೇಳಿದ. ಒಣಗಿದ ಒಳಚಡ್ಡಿ ಎರಡೇ ಇದ್ದವು, ಆದ್ದರಿಂದ ಎರಡೇ ಸಲ ಬಿದ್ದೆ. ನೀವು ನೋಡಿದ್ದು ಎರಡನೆಯದು. ಮೊದಲನೆಯದರಲ್ಲಿ ನೀರು ತಣ್ಣಗಿದೆ ಎಂದು ಬೆರೆಟ್ಟೆಯ ಬದಲು ನಾನು ಕೂಗಿಬಿಟ್ಟೆ.

ಹೌದು, ಅದು ತೋರ ಅತ್ತಿಗೆಯ ನಡಿಗೆ. ಕದ್ದದ್ದೇ. ನಗಿಸುವವರೆಲ್ಲ ಕಳ್ಳರು ಕಣಯ್ಯ. ನನ್ನ ಕೆಮ್ಮು ಒಬ್ಬ ಟ್ರಾಮ್ ಕಂಡಕ್ಟರನದು, ಮೂಗೊರೆಸುವ ಬಗೆ ಒಬ್ಬ ಪಾದ್ರಿಯದು. ಆದರೆ ಈ ನಡಿಗೆಗೆ ಪಟ್ಟ ಪಾಡನ್ನು ಬೇರೆ ಯಾವುದಕ್ಕೂ ಪಟ್ಟಿಲ್ಲ. ಮೂರು ತಿಂಗಳು ಮನೆಯ ಮೊಗಸಾಲೆಯಲ್ಲಿ ಅಭ್ಯಾಸ ಮಾಡಿದೆ. ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ತನ್ನ ಛಾವಣಿಗೆ ಕುಟ್ಟುತ್ತಿದ್ದಳು. ನಾಲ್ಕನೆಯ ಹೆಜ್ಜೆಗೆ ಸರಿಯಾಗಿ ಕುಟ್ಟಲು ಅವಳೂ ಕಲಿತಳು. ಆ ಚೀಲಕ್ಕಾಗಿ ಹಳೆಯ ಸಾಮಾನಿನ ಅಂಗಡಿಗಳನ್ನು ಮೂರು ದಿನ ಸುತ್ತಿದೆ. ಇದು ಗೇಲಿಯಾದರೆ ಇಷ್ಟು ದುಬಾರಿ ಗೇಲಿ ಯಾರೂ ಮಾಡುವುದಿಲ್ಲ.

ಕತ್ತರಿಸಲು ಕಂಪನಿಯವರು ಒಪ್ಪಿಯಾರು. ನಾನು ಒಪ್ಪುವುದಿಲ್ಲ. ಹಾಗೆಂದು ಕಂಪನಿಗೂ ಬರೆದಿದ್ದೇನೆ.

ಇನ್ನೊಂದು ವಿಷಯ. ನಿನ್ನ ಸಮಿತಿಯ ಅಧಿಕಾರ ನಿನ್ನ ಪುರಸಭೆಯ ಎಲ್ಲೆಯವರೆಗೆ. ಎಲ್ಲೆ ಇರುವುದು ಜಲಸಂಧಿಯ ನಡುನೀರಿನಲ್ಲಿ. ಅದರಾಚೆಯ ಹೆಲ್ಲೋಯ ದ್ವೀಪಕ್ಕೆ ಬೇರೆ ಪಂಚಾಯಿತಿ, ಬೇರೆ ಸಮಿತಿ. ಅಲ್ಲಿ ಚಿತ್ರಮಂದಿರವಿಲ್ಲ, ಆದರೆ ಹಳ್ಳಿಗಳಿಗೆ ಯಂತ್ರ ಹೊತ್ತು ತಿರುಗುವ ಸಂಚಾರಿ ಸಿನಿಮಾದವರು ಬರುತ್ತಾರೆ. ಈ ತಿಂಗಳ ಇಪ್ಪತ್ತೇಳು, ಶನಿವಾರ, ಮಧ್ಯಾಹ್ನ ಎರಡು ಗಂಟೆ, ಯುವಕ ಸಂಘದ ಮನೆ. ಎಲ್ಲ ಗೊತ್ತುಮಾಡಿದ್ದೇನೆ. ಅಂದು ನನಗೆ ಇಲ್ಲಿ ಎರಡು ಆಟ, ಬರಲಾರೆ. ಸ್ಕಾರ್ವಿಕ್‌ನವರಿಗೆ ಹುಟ್ಟು ಹಾಕಲು ಬರುತ್ತದೆ ಎಂಬ ನೆನಪು.

ಕತ್ತರಿ ನಿಮ್ಮದು, ಕತ್ತು ನನ್ನದು,
ಎತ್ತಿ ನಡೆವೆನು, ಸುತ್ತು ನನ್ನದು.

ಡಾಗ್ನಿ


ಸ್ಕಾರ್ವಿಕ್
೧೫ ಅಕ್ಟೋಬರ್ ೧೯೫೬

ಅಮ್ಮನಿಗೆ,

ಜಲಸಂಧಿಯ ಆ ಬದಿ ನನ್ನ ಮಾತು ನಡೆಯುವುದಿಲ್ಲ, ನಿಜ. ಈ ಬದಿ ನಿಮ್ಮದು ನಡೆಯುವುದಿಲ್ಲ. ಸಮಿತಿ ಮೊನ್ನೆ ಮತ್ತೆ ಕೂಡಿತು. ಕತ್ತರಿಸದೆ ತೋರಿಸುವುದಿಲ್ಲ. ಈ ಸಲ ಬೇಡವೆಂದವರು ನಾಲ್ವರು.

ನಿಮ್ಮ ಕಾಗದದಲ್ಲಿ ಎಲ್ಲಕ್ಕೂ ಉತ್ತರವಿತ್ತು, ಪ್ರಾಸವೂ ಇತ್ತು. ನಲವತ್ತೆಂಟರಲ್ಲಿ ನಾನು ತರಬೇತಿಗೆ ಓಸ್ಲೋಗೆ ಬಂದಾಗ ಕೆಫೆಯಲ್ಲಿ ಒಂದು ಗಂಟೆ ಕೂತಿದ್ದೆವು, ನೆನಪಿದೆಯೇ? ನೀವು ಕೆನೆಯ ಕೇಕು ಕೊಡಿಸಿದಿರಿ. ಮಾಣಿಯ ಹಾಗೆ ನಡೆದು ತೋರಿಸಿದಿರಿ. ಪಕ್ಕದ ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಹಾಸ್ಟೆಲಿಗೆ ಹಿಂತಿರುಗಿ ಬೂಟು ಬಿಚ್ಚುವಾಗ ಹೊಳೆಯಿತು: ಆ ಒಂದು ಗಂಟೆಯಲ್ಲಿ ನೀವು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ತೋರತ್ತೆ ಈಗಲೂ ದಿನಕ್ಕೆ ಇಪ್ಪತ್ತು ಕೇಳುತ್ತಾಳೆ. ಉಂಡ್ಯಾ, ಒದ್ದೆ ಕಾಲುಚೀಲ ತೆಗ್ದ್ಯಾ, ಆ ಹುಡುಗರು ಇವತ್ತಾದ್ರೂ ಮಗ್ಗಿ ಒಪ್ಪಿಸಿದ್ರಾ. ಆಕೆಗೆ ತಮಾಷೆ ಮಾಡಲು ಬರುವುದಿಲ್ಲ. ಆಕೆಯನ್ನೇ ತಮಾಷೆ ಮಾಡಲು ನಾನು ಬಿಡುವುದಿಲ್ಲ. ಸಿನಿಮಾದ ವಿಷಯ ಆಕೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ದಯವಿಟ್ಟು ನೀವೂ ಬರೆಯಬೇಡಿ.

ಐವಿಂದ್


ಸ್ಕಾರ್ವಿಕ್
೩೦ ಅಕ್ಟೋಬರ್ ೧೯೫೬

ಡಾಗ್ನಿ,

ನಾನು ತೋರ ಬರೆಯುತ್ತಿರುವುದು. ನಿನಗೆ ಕಾಗದ ಬರೆದು ಇಪ್ಪತ್ತು ವರ್ಷದ ಮೇಲಾಯಿತು. ಅಕ್ಷರ ಸೊಟ್ಟಗಿದ್ದರೆ ಕಣ್ಣಿನ ತಪ್ಪು.

ನನಗೆ ಯಾರೂ ಹೇಳಬಾರದೆಂದು ಐವಿಂದ್ ಊರಿಗೆಲ್ಲ ಹೇಳಿಟ್ಟಿದ್ದ. ಹಾಗಾಗಿ ಊರಿಗೆಲ್ಲ ಗೊತ್ತಿತ್ತು. ಸಕ್ಕರೆ ತರಲು ಹೋದಾಗ ಲೌರಿಟ್ಸನಿಗೆ ತಡೆಯಲಾಗಲಿಲ್ಲ.

"ಓಸ್ಲೋದಲ್ಲಿ ನಿಮ್ಮ ನಡಿಗೆಗೆ ಟಿಕೀಟು ಇಟ್ಟಿದಾರಂತೆ, ತೋರಮ್ಮ."

"ನಿಮ್ಮ ನಡಿಗೆಗೆ ಯಾರೂ ಇಡಲ್ಲ, ನಿಶ್ಚಿಂತೆಯಾಗಿರಿ" ಎಂದು ಸಕ್ಕರೆ ತೆಗೆದುಕೊಂಡು ಬಂದೆ.

ಮನೆಗೆ ಬಂದ ಮೇಲೆ ಸಕ್ಕರೆಯನ್ನು ಉಪ್ಪಿನ ಡಬ್ಬಿಗೆ ಸುರಿದೆ. ಸುಳ್ಳು ಹೇಳುವುದಿಲ್ಲ. ಆದರೆ ಊರೆಲ್ಲ ನೋಡಲು ಹೊರಟ ಮೇಲೆ ನಾನೊಬ್ಬಳು ನೋಡದೆ ಉಳಿಯುವುದು ಯಾವ ನ್ಯಾಯ? ಶನಿವಾರ ಕಾಫಿ ಫ್ಲಾಸ್ಕಿಗೆ ತುಂಬಿಕೊಂಡು ದಕ್ಕೆಗೆ ಹೋದೆ. ಹನ್ನೊಂದು ದೋಣಿ ಹೊರಟು ನಿಂತಿದ್ದವು. ನನ್ನನ್ನು ಕಂಡು ಎಲ್ಲರೂ ಮೀನಿಗೆ ಹೊರಟ ಹಾಗೆ ನಟಿಸಿದರು, ಭಾನುವಾರದ ಕೋಟು ತೊಟ್ಟುಕೊಂಡು. ಯಂತ್ರದ ಪೇಡರನ ದೋಣಿ ಹತ್ತಿ ಕೂತೆ.

"ತೋರಮ್ಮ, ಮೇಷ್ಟ್ರಿಗೆ ಗೊತ್ತಾದ್ರೆ?" ಎಂದ.

"ಮೇಷ್ಟ್ರ ಮೂಗು ಒರೆಸಿದವಳು ನಾನು. ಹುಟ್ಟು ಹಾಕು."

ಯುವಕ ಸಂಘದ ಮನೆಯಲ್ಲಿ ಬೆಂಚು ಗಟ್ಟಿ, ಒಲೆ ತಣ್ಣಗೆ. ನೀನು ಪರದೆಯ ಮೇಲೆ ಬಂದೆ. ದಪ್ಪಗಾಗಿದ್ದೀಯ. ಒಳ್ಳೆಯದಾಯಿತು. ಆಮೇಲೆ ಆ ನಡಿಗೆ ಬಂತು. ಯಾರೂ ನಗಲಿಲ್ಲ ಡಾಗ್ನಿ. ಯಾರೂ ಪರದೆಯನ್ನೇ ನೋಡುತ್ತಿರಲಿಲ್ಲ, ಎಲ್ಲರೂ ನನ್ನನ್ನು ನೋಡುತ್ತಿದ್ದರು. ನೀನು ಒಂಬತ್ತು ಸಲ ತಿರುಗಿದೆ, ಹತ್ತು ಸಲ ತಿರುಗಿದೆ, ಮೌನ. ನೀನು ಅಷ್ಟು ಕಷ್ಟಪಟ್ಟು ಬಿದ್ದರೂ ಇವರು ನನ್ನ ಮುಲಾಜಿಗೆ ಸುಮ್ಮನಿರುತ್ತಾರಲ್ಲ ಎನಿಸಿತು. ನೀನು ಬಿದ್ದೆ. ನಾನು ನಕ್ಕೆ. ಬಲಗಡೆ ಹಲ್ಲಿಲ್ಲವೆಂದು ಹತ್ತು ವರ್ಷದಿಂದ ಬಾಯಿ ಮುಚ್ಚಿ ನಗುವವಳು, ಪೂರ್ತಿ ತೆರೆದು ನಕ್ಕೆ. ಆಮೇಲೆ ಮಾಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಪೇಡರ್ ಬೆಂಚಿನಿಂದಲೇ ಜಾರಿದ.

ನಾನು ನಡೆಯುವುದು ಹಾಗೆಂದು ನನಗೇ ಗೊತ್ತಿರಲಿಲ್ಲ. ನನ್ನನ್ನು ಯಾರಾದರೂ ಅಷ್ಟು ಗಮನ ಕೊಟ್ಟು ನೋಡಿದ್ದಾರೆಂದೂ ಗೊತ್ತಿರಲಿಲ್ಲ.

ಹಿಂತಿರುಗುವಾಗ ದೋಣಿಯಲ್ಲಿ ಕೂತು ಯೋಚಿಸಿದೆ. ಮೂರು ದಿನವಾಯಿತು, ಇನ್ನೂ ಯೋಚಿಸುತ್ತಿದ್ದೇನೆ. ಈಗ ನೀನು ಉತ್ತರ ಹೇಳು.

ನೀನಿದ್ದಾಗ ನಾನು ತಿರುಗಿ ನೋಡುತ್ತ ನಡೆಯುತ್ತಿರಲಿಲ್ಲ. ನೀನು ಹೋದ ಮೇಲೆ ಹುಡುಗ ದಾರಿಯಲ್ಲಿ ಹಿಂದುಳಿಯತೊಡಗಿದ. ದಕ್ಕೆಗೆ ಹಡಗು ಬಂದರೆ ನಿಂತುಬಿಡುತ್ತಿದ್ದ, ಇಳಿಯುವವರನ್ನೆಲ್ಲ ನೋಡುತ್ತಿದ್ದ. ಬರುತ್ತಿದ್ದಾನೋ ಇಲ್ಲವೋ ಎಂದು ನಾನು ತಿರುಗಿ ನೋಡಬೇಕಾಯಿತು. ಅವನು ಬೆಳೆದು ಮೇಷ್ಟ್ರಾದ, ನನ್ನ ಕತ್ತಿಗೆ ಇನ್ನೂ ಗೊತ್ತಾಗಿಲ್ಲ.

ಆ ಚೀಲ. ಹಿತ್ತಾಳೆ ಕೊಂಡಿಯದು. ಅದನ್ನು ಕೊಂಡದ್ದು ಮೂವತ್ತನಾಲ್ಕರ ಕ್ರಿಸ್‌ಮಸ್ಸಿಗೆ. ಮೂವತ್ತಾರರ ಚಳಿಗಾಲದಲ್ಲಿ ದಕ್ಕೆಯ ಮೇಲೆ ಜಾರಿದಾಗ ನಾನು ಉಳಿದೆ, ಚೀಲ ನೀರಿಗೆ ಹೋಯಿತು. ನೀನು ಊರು ಬಿಟ್ಟದ್ದು ಮೂವತ್ತೆರಡರಲ್ಲಿ. ಆಮೇಲೆ ನೀನು ಬರಲೇ ಇಲ್ಲವೆಂದು ನಾನೂ ಐವಿಂದನೂ ಊರೂ ತಿಳಿದಿದ್ದೇವೆ.

ಹಾಗಾದರೆ ನೀನು ನನ್ನನ್ನು ನೋಡಿದ್ದು ಎಲ್ಲಿಂದ?

ತೋರ


ಓಸ್ಲೋ
೭ ನವೆಂಬರ್ ೧೯೫೬

ತೋರ ಅತ್ತಿಗೆ,

ಹಡಗಿನ ಮೇಲಿನಿಂದ.

ಮೂವತ್ತೈದರ ಮೇ ತಿಂಗಳು. ಆ ವಸಂತಕ್ಕೆ ನನಗೆ ಮೊದಲ ಸಲ ವರ್ಷವಿಡೀ ಇರುವ ಕೆಲಸ ಸಿಕ್ಕಿತ್ತು, ಕಿಟಕಿಯಿರುವ ಕೋಣೆ ಸಿಕ್ಕಿತ್ತು. ಅವನನ್ನು ಕರೆದೊಯ್ಯಲು ಬಂದೆ. ನಿಮಗೆ ಬರೆಯಲಿಲ್ಲ, ಬರೆದರೆ ಬೇಡವೆನ್ನುತ್ತೀರಿ ಎಂದು. ಹಿಂದಿರುಗಲು ಒಂದು ಪೂರ್ತಿ ಟಿಕೀಟು, ಒಂದು ಅರ್ಧ ಟಿಕೀಟು ಚೀಲದಲ್ಲಿತ್ತು. ನೀಲಿ ಟೋಪಿ ಒಂದಿತ್ತು, ಕಿವಿ ಮುಚ್ಚುವಂಥದ್ದು.

ಹಡಗು ಸ್ಕಾರ್ವಿಕ್‌ನಲ್ಲಿ ನಿಲ್ಲುವುದು ಇಪ್ಪತ್ತೈದು ನಿಮಿಷ. ನಾನು ಕಂಬಿ ಹಿಡಿದು ನಿಂತಿದ್ದೆ. ನೀವು ಇಳಿಜಾರಿನಲ್ಲಿ ಬರುತ್ತಿದ್ದಿರಿ, ಚೀಲ ಹೊಟ್ಟೆಗೆ ಒತ್ತಿಕೊಂಡು. ನಾಲ್ಕು ಹೆಜ್ಜೆ, ತಿರುಗಿ ನೋಡುವುದು. ನಾಲ್ಕು ಹೆಜ್ಜೆ, ತಿರುಗಿ ನೋಡುವುದು. ಅವನು ಹಿಂದೆ ಹಗ್ಗ ಕಟ್ಟುವ ಗೂಟದ ಬಳಿ ನಿಂತು ಹಡಗನ್ನು ನೋಡುತ್ತಿದ್ದ. ನೀವು ಹನ್ನೊಂದನೆಯ ಸಲ ತಿರುಗಿದಾಗ ಅವನು ಓಡಿ ಬಂದು ನಿಮ್ಮ ಚೀಲದ ಪಟ್ಟಿ ಹಿಡಿದ. ನೀವು ಏನೋ ಹೇಳಿದಿರಿ. ಅವನು ನಕ್ಕ.

ನಾನು ಇಳಿಯಲಿಲ್ಲ.

ಕಾರಣ ಕೇಳಬೇಡಿ. ಎಲ್ಲದಕ್ಕೂ ನನ್ನ ಬಳಿ ಒಂದು ನಗೆಯಿದೆ, ಅದಕ್ಕೆ ಮಾತ್ರ ಇಲ್ಲ. ಮುಂದಿನ ಬಂದರಿನಲ್ಲಿ ಇಳಿದು ಹಿಂದಿರುಗಿದೆ. ಟೋಪಿಯನ್ನು ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವವನಿಗೆ ಕೊಟ್ಟೆ, ಅವನಿಗೆ ಮಗನಿದ್ದ.

ಇದು ಕ್ಷಮೆ ಕೇಳುವ ಕಾಗದವಲ್ಲ. ನಡಿಗೆಯನ್ನು ಕದ್ದದ್ದಕ್ಕೆ ನನಗೆ ನಾಚಿಕೆಯಿಲ್ಲ, ಅದನ್ನು ಕತ್ತರಿಸಲು ಈಗಲೂ ಬಿಡುವುದಿಲ್ಲ. ನನ್ನ ಜೀವನದಲ್ಲಿ ನಾನು ಅತ್ಯಂತ ಗಮನವಿಟ್ಟು ನೋಡಿದ ಇಪ್ಪತ್ತೈದು ನಿಮಿಷ ಅದು. ಹೋಲ್ಟರ್‌ಮನ್‌ಗೆ ಬೇಕಾಗಿದ್ದದ್ದು ನಾಯಿ. ಅಲ್ಲಿ ಇದ್ದದ್ದು ಯಾರೆಂದು ಹೇಳಿದ್ದರೆ ಅವನು ಅದನ್ನು ದುಃಖದ ಸಿನಿಮಾ ಮಾಡುತ್ತಿದ್ದ. ದಾಳದಲ್ಲಿ ಆರು ಬೀಳುತ್ತಿತ್ತು.

ನೀವು ಬಾಯಿ ತೆರೆದು ನಕ್ಕಿರೆಂದು ಓದಿದೆ. ಓಸ್ಲೋದ ಒಂಬೈನೂರು ಜನರ ನಗೆಗಿಂತ ಅದು ಜೋರಾಗಿ ಕೇಳಿಸಿತು.

ಐವಿಂದನಿಗೆ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನಾನು ದಪ್ಪಗಾಗಿಲ್ಲ, ಅದು ಉಡುಪಿನ ದಪ್ಪ.

ಡಾಗ್ನಿ


ಸ್ಕಾರ್ವಿಕ್
೨೧ ನವೆಂಬರ್ ೧೯೫೬

ಅಮ್ಮ,

ತೋರತ್ತೆ ನಿನ್ನ ಕಾಗದವನ್ನು ನನ್ನ ಊಟದ ತಟ್ಟೆಯ ಪಕ್ಕ ಇಟ್ಟು, "ಮೀನು ಆರೋಕ್ಮುಂಚೆ ಓದು" ಎಂದಳು. ಓದಿದೆ. ಮೀನು ಆರಿತು.

ಸಮಿತಿಯ ಸಭೆ ಮೊನ್ನೆ ಇತ್ತು. ಕ್ರಿಸ್‌ಮಸ್‌ವರೆಗಿನ ಸಿನಿಮಾಗಳ ಪಟ್ಟಿ ಓದುತ್ತಿದ್ದೆ. ಬಾಗಿಲು ತಟ್ಟದೆ ತೋರತ್ತೆ ಒಳಗೆ ಬಂದಳು, ಚೀಲ ಹೊಟ್ಟೆಗೆ ಒತ್ತಿಕೊಂಡು. ಮೇಜಿನವರೆಗೆ ಬರುವಷ್ಟರಲ್ಲಿ ಎರಡು ಸಲ ತಿರುಗಿ ನೋಡಿದಳು.

"ನನ್ನ ಮರ್ಯಾದೆ ಕಾಪಾಡೋಕೆ ಐದು ಜನ ಗಂಡಸರು ಕೂತಿದೀರಂತೆ. ಕಾಪಾಡಿದ್ದು ಸಾಕು. ಆ ಸಿನಿಮಾ ಇಲ್ಲಿ ಹಾಕಿ. ಸಮುದ್ರ ದಾಟಿ ನೋಡೋಕೆ ನಂಗೆ ಮೊಣಕಾಲು ನೋವು."

"ಅದರಲ್ಲಿ ಒಳಚಡ್ಡಿ ಕಾಣುತ್ತಲ್ಲ, ತೋರಮ್ಮ" ಎಂದರು ಲೌರಿಟ್ಸ್.

"ಉಣ್ಣೇದು ತಾನೆ?"

"ಹೌದು, ಆದ್ರೂ..."

"ನಿಮ್ಮ ಅಂಗಡಿ ಕಿಟಕೀಲಿ ಮೂರು ನೇತುಹಾಕಿದೀರಲ್ಲ, ಅಂಥದ್ದೇ. ಪ್ರಾರ್ಥನೆಗೆ ಹೋಗೋರೆಲ್ಲ ಅದ್ರ ಮುಂದೇನೇ ಹೋಗ್ಬೇಕು. ಅದನ್ನ ಯಾವಾಗ ಕತ್ತರಿಸ್ತೀರಿ?"

ಬಂದರಿನ ಅಧಿಕಾರಿ ಕೆಮ್ಮಿದರು. ತೋರತ್ತೆ ಅವರ ಕಡೆ ತಿರುಗಿ, "ನೀವು ಅದ್ರಲ್ಲಿ ನಿಮಗಿಂತ ಚೆನ್ನಾಗಿದೀರಿ, ಸುಮ್ನಿರಿ" ಎಂದಳು.

ಮತಕ್ಕೆ ಹಾಕಿದೆ. ಕತ್ತರಿಸದೆ, ಆರು ಡಬ್ಬಿಯೂ ಪೂರ್ತಿ. ನಾಲ್ವರು ಕೈ ಎತ್ತಿದರು. ನನ್ನದು ಮೊದಲ ಕೈ. ಲೌರಿಟ್ಸ್ ಎತ್ತಲಿಲ್ಲ, ಆದರೆ ಮರುದಿನ ಕಿಟಕಿ ಖಾಲಿಯಾಗಿತ್ತು.

ನೀನು ಹಡಗಿನಲ್ಲಿ ಬಂದ ಆ ದಿನ ನನಗೆ ನೆನಪಿದೆ ಎಂದು ಬರೆಯಲು ನೋಡಿದೆ. ಎರಡು ಹಾಳೆ ಹರಿದೆ. ಸುಳ್ಳಾಗುತ್ತದೆ. ಪ್ರತಿ ಹಡಗನ್ನೂ ನೋಡುತ್ತಿದ್ದೆನೆಂಬುದು ಮಾತ್ರ ನೆನಪಿದೆ. ಇಳಿಯುವವರನ್ನೇ ನೋಡುತ್ತಿದ್ದೆ. ಕಂಬಿ ಹಿಡಿದು ಮೇಲೆ ನಿಂತವರನ್ನು ನೋಡಬೇಕೆಂದು ಹೊಳೆದಿರಲಿಲ್ಲ.

ನೀನು ಇಳಿಯದೆ ಹೋದದ್ದು ನನಗಿನ್ನೂ ಸರಿಯೆನಿಸಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ, ಆಮೇಲೆ ಮರೆತೆನೆಂದು ತಿಳಿಯಬೇಡ. ಜಗಳವಾಡಲು ಎದುರಿಗೆ ನೀನೇ ಬೇಕು. ಕಾಗದದಲ್ಲಿ ನೀನು ಪ್ರಾಸ ಹಾಕಿ ತಪ್ಪಿಸಿಕೊಳ್ಳುತ್ತೀಯ.

ಡಿಸೆಂಬರ್ ಎಂಟು, ಶನಿವಾರ, ಸಂಜೆ ನಾಲ್ಕಕ್ಕೆ ಆಟ. ಬೆಳಗಿನ ಹಡಗು ಹನ್ನೊಂದಕ್ಕೆ ಬರುತ್ತದೆ. ಭಿತ್ತಿಪತ್ರ ಪ್ರಾರ್ಥನಾಮಂದಿರದ ಎದುರು ಗೋಡೆಗೆ ಅಂಟಿಸಿದ್ದೇವೆ. ನಿನ್ನ ಹೆಸರಿನ ಅಕ್ಷರ ಒಂದು ಗೇಣಲ್ಲ, ಒಂದೂವರೆ ಗೇಣು. ಅಳೆದು ಬರೆದದ್ದು ನಾನು. ಚಿತ್ರಮಂದಿರದ ಬಾಗಿಲಿಗೆ ಇನ್ನೊಂದು ಹಲಗೆ ತೂಗುಹಾಕಿದ್ದೇನೆ:

ಗದ್ದಲ ಮಾಡುವವರು ಹೊರಗೆ,
ಬಿದ್ದು ನಗುವವರು ಒಳಗೆ.

ಈ ಕಾಯಿಲೆ ಯಾರಿಂದ ಬಂತೆಂದು ಶಾಲೆಯಲ್ಲಿ ಕೇಳುತ್ತಿದ್ದಾರೆ.

ಐವಿಂದ್

ತೋರತ್ತೆ ಹೇಳಿ ಬರೆಸಿದ್ದು: "ದಕ್ಕೆಗೆ ನಾವಿಬ್ಬರೂ ಬರ್ತೀವಿ. ಹಾದಿ ಮಂಜುಗಟ್ಟಿರುತ್ತೆ, ಹೀಲ್ಸ್ ಹಾಕ್ಕೊಂಡು ಬರ್ಬೇಡ. ಮನೆವರೆಗೆ ನಾನು ಮುಂದೆ ನಡೀತೀನಿ, ನೀನು ಹಿಂದೆ ಬಾ. ತಿರುಗಿ ನೋಡ್ಕೊಳ್ಳೋದು ನಂಗೆ ಬಿಡು."


ಓಸ್ಲೋ
೨೯ ನವೆಂಬರ್ ೧೯೫೬

ಐವಿಂದ್,

ಆ ವಾರ ರಜೆಯಿಲ್ಲ ಎಂದರು ನಾಟಕಶಾಲೆಯವರು. ನಾನು ರಜೆ ಕೇಳಿರಲಿಲ್ಲ, ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿದ್ದೆ. ಕುಡಿದ ನೆರೆಮನೆಯವಳ ಪಾತ್ರವನ್ನು ಬೇರೊಬ್ಬಳು ಮಾಡುತ್ತಾಳೆ. ಅವಳು ನಿಜವಾಗಿಯೂ ಕುಡಿಯುತ್ತಾಳೆ, ಅಭ್ಯಾಸ ಬೇಕಿಲ್ಲ.

ನನ್ನ ಷರತ್ತುಗಳು. ನನ್ನ ಟಿಕೀಟು ನಾನೇ ಕೊಳ್ಳುತ್ತೇನೆ. ಆಟ ಮುಗಿದ ಮೇಲೆ ಭಾಷಣ ಬೇಡ, ಹೂವು ಬೇಡ. ಪ್ರಾರ್ಥನಾಮಂದಿರದವರು ಮತ್ತೆ ಮೊರೆಯಿಡುವುದಿದ್ದರೆ ಇಡಲಿ; ಈ ಸಲ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ. ಜಗಳವನ್ನು ಭಾನುವಾರಕ್ಕೆ ಇಡು. ಪ್ರಾಸ ಹಾಕದೆ ಆಡುತ್ತೇನೆ. ಈ ಕಾಗದದಲ್ಲೂ ಹಾಕಿಲ್ಲ, ನೋಡಿಕೋ.

ನಿನ್ನನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಇಪ್ಪತ್ತಲ್ಲ, ಇಪ್ಪತ್ತೊಂದು. ಮೊದಲನೆಯದು ಕಾಲುಚೀಲದ್ದೇ.

ತೋರ ಅತ್ತಿಗೆಗೆ ಹೇಳು: ನಾನು ಹಿಂದೆ ಬರುವುದಿಲ್ಲ. ಮನೆಯ ದಾರಿ ನನಗೆ ಗೊತ್ತಿದೆ, ಮುಂದೆ ನಾನೇ ನಡೆಯುತ್ತೇನೆ. ನೀವಿಬ್ಬರೂ ನಿಮ್ಮ ಪಾಡಿಗೆ ನಿಧಾನವಾಗಿ ಬನ್ನಿ. ಪ್ರತಿ ನಾಲ್ಕನೆಯ ಹೆಜ್ಜೆಗೆ ನಿಂತು, ಬರುತ್ತಿದ್ದೀರೋ ಇಲ್ಲವೋ ಎಂದು ನಾನು ತಿರುಗಿ ನೋಡುತ್ತೇನೆ. ಆ ಕೆಲಸ ನನಗೆ ಬರುತ್ತದೆ, ಮೂರು ತಿಂಗಳು ಅಭ್ಯಾಸ ಮಾಡಿದ್ದೇನೆ. ಆದರೆ ಆಗ ಒಂದು ಸಲವೂ ಹಿಂದೆ ಯಾರೂ ಇರಲಿಲ್ಲ.

ಅಮ್ಮ